ಬಂದುಹೋದ ಗುರುತು

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು. ಸಂಧಿ, ಸಮಾಸ, ಛಂದಸ್ಸುಗಳ ನಡುವೆಯೇ ಆಯುಸ್ಸಿನ ಬಹುಭಾಗವನ್ನು ಕಳೆದವನು. ಅಂಥವನು ಇಂದು ಗಣಕಯಂತ್ರದ ತಂತ್ರಾಂಶದ ವಿಚಾರವಾಗಿ ಮಾತನಾಡಹೊರಟರೆ, ‘ಪಂಡಿತರಿಗೆ ಈ ಉಸಾಬರಿ ಏತಕ್ಕೆ?’ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಈ ಉಸಾಬರಿಯನ್ನು ನಾನಾಗಿ ಹುಡುಕಿಕೊಂಡು ಹೋದವನಲ್ಲ. ಒಮ್ಮೆ ನಾನು ಕೊಟ್ಟ ಮಾತು ನನಗೆ ತಿಳಿಯದಂತೆಯೇ ಸುಳ್ಳಾಯಿತು. ಅದು ಹೇಗೆ ಸುಳ್ಳಾಯಿತೆಂದು ಅರಿಯುವ ಹಟದಿಂದ ಕಲಿತುಕೊಂಡದ್ದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಶಾಲೆಯ ಗಣಕ ಕೊಠಡಿಯನ್ನು ನೋಡಿಕೊಳ್ಳುವ ಯುವಕ ನನ್ನ ಹಳೆಯ ಶಿಷ್ಯನೇ. ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದಾನೆ: ‘ಅನುಮತಿಯಿಲ್ಲದೆ ಇಲ್ಲಿ ಯಾವ ತಂತ್ರಾಂಶವನ್ನೂ ಸ್ಥಾಪಿಸಕೂಡದು.’ ಮಕ್ಕಳೆಲ್ಲ ಒಂದೇ ಹೆಸರಿನ ಖಾತೆಯಿಂದ ಪ್ರವೇಶಿಸುವ ಯಂತ್ರಗಳವು. ಒಬ್ಬ ಮಾಡಿದ ಅವಾಂತರ ಎಲ್ಲರಿಗೂ ತಟ್ಟುತ್ತದೆ. ಆದುದರಿಂದ ಆ ಕಟ್ಟಳೆ ಸರಿಯಾದದ್ದೇ.

ಎರಡು ವರ್ಷದ ಹಿಂದೆ, ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ, ನನ್ನ ಮನೆಯ ಗಣಕಯಂತ್ರ ಕೆಟ್ಟು ಕುಳಿತಿತು. ಹತ್ತನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸಬೇಕಾಗಿತ್ತು. ನನ್ನ ತಂಗಿಯ ಮಗ ಒಂದು ಪೆನ್ ಡ್ರೈವ್ ತಂದುಕೊಟ್ಟ. ‘ಮಾವ, ಬರೆಯುವ ತಂತ್ರಾಂಶವನ್ನು ಇದರಲ್ಲಿ ಬಿಚ್ಚಿ ಇಟ್ಟಿದ್ದೇನೆ. ಸ್ಥಾಪಿಸುವ ಗೊಡವೆಯೇ ಇಲ್ಲ. ಯಾವ ಯಂತ್ರಕ್ಕಾದರೂ ಚುಚ್ಚಿ ನಡೆಸಿ. ತೆಗೆದುಕೊಂಡು ಬಂದರೆ ಗುರುತು ಸಹ ಉಳಿಯುವುದಿಲ್ಲ’ ಎಂದ. ನಾನು ಅದನ್ನು ನಂಬಿದೆ. ಗಣಕ ಕೊಠಡಿಗೆ ಹೋಗಿ ಶಿಷ್ಯನಿಗೆ ಹೇಳಿದೆ: ‘ನಾನೇನೂ ಸ್ಥಾಪಿಸುವುದಿಲ್ಲಪ್ಪ. ಇಲ್ಲಿ ಏನೂ ಉಳಿಯುವುದೂ ಇಲ್ಲ.’ ಅವನು ಯಂತ್ರ ಬಿಟ್ಟುಕೊಟ್ಟ.

ಪ್ರಶ್ನೆಪತ್ರಿಕೆ ಮುಗಿಯುತ್ತ ಬಂದಿತ್ತು. ಪೆನ್ ಡ್ರೈವಿನಲ್ಲಿಯೇ ಉಳಿಸಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಯಂತ್ರ ಕಣ್ಣು ಮುಚ್ಚಿತು. ನನ್ನ ಕಡತ ಹೇಗೂ ಭದ್ರವಾಗಿದೆಯೆಂದುಕೊಂಡು, ಡ್ರೈವನ್ನು ಕಿತ್ತು ಜೇಬಿಗೆ ಹಾಕಿಕೊಂಡು ಮನೆಗೆ ನಡೆದೆ.

ಮೂರನೆಯ ದಿನ, ತರಗತಿ ಮುಗಿದ ಮೇಲೆ, ಹತ್ತನೆಯ ತರಗತಿಯ ಹುಡುಗನೊಬ್ಬ ಬಾಗಿಲ ಹತ್ತಿರ ನಿಂತ. ‘ಸಾರ್, ಲ್ಯಾಬಿನ ಏಳನೇ ಕಂಪ್ಯೂಟರಿನಲ್ಲಿ ಹತ್ತನೇ ಕ್ಲಾಸು ಕನ್ನಡ ಪ್ರಶ್ನೆಪತ್ರಿಕೆ ಅಂತ ಹೆಸರು ಕಾಣಿಸ್ತು. ನಾನು ಒತ್ತಿದೆ ಸಾರ್. ತೆರೀಲಿಲ್ಲ’ ಎಂದು ನೆಲ ನೋಡುತ್ತ ಹೇಳಿದ. ಒತ್ತಿದೆನೆಂದು ಹೇಳಿಕೊಂಡ ಆ ಹುಡುಗನ ಮುಂದೆ, ಏನೂ ಉಳಿಯುವುದಿಲ್ಲವೆಂದು ಹೇಳಿದ್ದ ನಾನು ಚಿಕ್ಕವನಾದೆ.

ಶಿಷ್ಯ ಯಂತ್ರವನ್ನು ಶೋಧಿಸಿದ. ಇತ್ತೀಚೆಗೆ ತೆರೆದ ಕಡತಗಳ ಪಟ್ಟಿಯಲ್ಲಿ ಹೆಸರು ಇತ್ತು. ಅದಾದರೂ ಬರಿಯ ಹೆಸರು. ಮುಂದೆ ಬೇರೊಂದು ಫೋಲ್ಡರನ್ನು ತೆರೆದವನು, ‘ಸಾರ್, ಇಡೀ ಪತ್ರಿಕೆಯೇ ಇಲ್ಲಿದೆ’ ಎಂದ. ಅಕಸ್ಮಾತ್ತಾಗಿ ಕೆಲಸ ನಿಂತರೆ ಬರೆದದ್ದು ಹಾಳಾಗದಿರಲೆಂದು ಆ ತಂತ್ರಾಂಶ ಆಗಾಗ ಒಂದು ಪ್ರತಿಯನ್ನು ಯಂತ್ರದೊಳಗೇ ಬರೆದಿಡುತ್ತಿತ್ತು. ಕ್ರಮವಾಗಿ ಮುಚ್ಚಿದ್ದರೆ ಅದನ್ನು ತಾನೇ ಅಳಿಸುತ್ತಿತ್ತು. ಕರೆಂಟು ಹೋದದ್ದರಿಂದ ಅಳಿಸಲು ಅದಕ್ಕೆ ಅವಕಾಶವೇ ಸಿಗಲಿಲ್ಲ. ಎರಡು ದಿನ ನನ್ನ ಪ್ರಶ್ನೆಗಳೆಲ್ಲ ಮಕ್ಕಳ ಕೈಗೆಟಕುವ ಜಾಗದಲ್ಲಿದ್ದುವು. ಯಾರಾದರೂ ನೋಡಿದರೋ ಇಲ್ಲವೋ ತಿಳಿಯುವ ಬಗೆಯಿರಲಿಲ್ಲ. ಆ ರಾತ್ರಿ ಹೊಸ ಪತ್ರಿಕೆಯನ್ನು ಕೈಯಲ್ಲೇ ಬರೆದೆ.

ತಂಗಿಯ ಮಗ ಸುಳ್ಳು ಹೇಳಿರಲಿಲ್ಲ. ತಂತ್ರಾಂಶವನ್ನು ಬಿಚ್ಚಿಟ್ಟದ್ದು ನಿಜ. ಸ್ಥಾಪಿಸದೆ ನಡೆದದ್ದೂ ನಿಜ. ಆದುದರಿಂದ ಗುರುತು ಉಳಿಯದು ಎಂಬ ತೀರ್ಮಾನ ಮಾತ್ರ ತಪ್ಪು. ಈ ತಪ್ಪು ನಮ್ಮಿಬ್ಬರದೇ ಅಲ್ಲ, ಬಹಳ ಮಂದಿಯದು. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ತಂತ್ರಾಂಶಗಳು ಸಾಮಾನ್ಯವಾಗಿ ಒಂದು ಗಂಟಿನ ರೂಪದಲ್ಲಿ ಬರುತ್ತವೆ. ಗಂಟಿನೊಳಗೆ ಎರಡು ಬಗೆಯ ವಸ್ತುಗಳಿರುತ್ತವೆ. ಒಂದು, ಕೆಲಸ ಮಾಡುವ ತಂತ್ರಾಂಶದ ಕಡತಗಳು. ಇನ್ನೊಂದು, ಅವುಗಳನ್ನು ಸ್ಥಳದಲ್ಲಿ ಕೂರಿಸುವ ಸ್ಥಾಪಕ. ಸ್ಥಾಪಕನು ಕಡತಗಳನ್ನು ಜೋಡಿಸುತ್ತಾನೆ. ತೆಗೆದುಹಾಕಬಹುದಾದ ತಂತ್ರಾಂಶಗಳ ಪಟ್ಟಿಯಲ್ಲಿ ಹೆಸರು ಸೇರಿಸುತ್ತಾನೆ. ಯಾವ ಬಗೆಯ ಕಡತವನ್ನು ಯಾರು ತೆರೆಯಬೇಕೆಂದು ನಮೂದಿಸುತ್ತಾನೆ. ಇಗೋರ್ ಪಾವ್ಲೋವ್ ಎಂಬವರು ರಚಿಸಿ ೧೯೯೯ರಲ್ಲಿ ಹೊರತಂದ ಸೆವೆನ್ ಜಿಪ್ ಎಂಬ ಉಚಿತ ತಂತ್ರಾಂಶದಿಂದ ಇಂಥ ಎಷ್ಟೋ ಗಂಟುಗಳನ್ನು ಸ್ಥಾಪಕನ ಗೊಡವೆಯಿಲ್ಲದೆ ಬಿಚ್ಚಬಹುದು. ಎಲ್ಲ ಗಂಟೂ ಅದಕ್ಕೆ ಬಿಚ್ಚವು. ಕೆಲವಕ್ಕೆ ಬೇರೆ ಸಾಧನ ಬೇಕು. ಹೀಗೆ ಬಿಚ್ಚಿದಾಗ ಸ್ಥಾಪಕನು ಮಾಡಬಹುದಾಗಿದ್ದ ಕೆಲಸಗಳು ತಪ್ಪುತ್ತವೆ. ತಂತ್ರಾಂಶವು ನಡೆಯುವಾಗ ತಾನೇ ಮಾಡುವ ಕೆಲಸಗಳು ತಪ್ಪುವುದಿಲ್ಲ. ಎಲ್ಲರೂ ಎಡವುವುದು ಇಲ್ಲಿಯೇ. ಹೆಸರು ಪಟ್ಟಿಯಲ್ಲಿಲ್ಲ, ಆದ್ದರಿಂದ ಗುರುತಿಲ್ಲ ಎಂದು ತಿಳಿಯುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗನೂ ಬೆಂಚಿನ ಮೇಲೆ ಹೆಸರು ಕೆತ್ತಿ ಹೋಗಬಲ್ಲ.

ಕೆತ್ತುವುದಾದರೂ ಎಲ್ಲಿ? ಮುಖ್ಯವಾಗಿ ಎರಡು ಕಡೆ. ಮೊದಲನೆಯದು ರಿಜಿಸ್ಟ್ರಿ. ಹಿಂದೆ ವಿಂಡೋಸಿನಲ್ಲಿ ತಂತ್ರಾಂಶಗಳು ತಮ್ಮ ಅಭಿರುಚಿ, ಅಭ್ಯಾಸಗಳನ್ನು ಚಿಕ್ಕ ಚಿಕ್ಕ ಐ.ಎನ್.ಐ. ಕಡತಗಳಲ್ಲಿ ಬರೆದಿಡುತ್ತಿದ್ದುವು. ೧೯೯೫ರ ವಿಂಡೋಸ್ ೯೫ರಿಂದ ಈಚೆಗೆ ಅದಕ್ಕೆಲ್ಲ ರಿಜಿಸ್ಟ್ರಿ ಎಂಬ ಒಂದೇ ದೊಡ್ಡ ದಫ್ತರು ಮುಖ್ಯವಾಯಿತು. ಅದರಲ್ಲಿ ಇಡೀ ಯಂತ್ರಕ್ಕೆ ಸೇರಿದ ಭಾಗ ಬೇರೆ, ಬಳಸುವ ವ್ಯಕ್ತಿಗೆ ಸೇರಿದ ಭಾಗ ಬೇರೆ. ವ್ಯಕ್ತಿಯ ಭಾಗದಲ್ಲಿ ಬರೆಯಲು ಯಾವ ವಿಶೇಷ ಅಧಿಕಾರವೂ ಬೇಡ. ಆದುದರಿಂದ ತಂತ್ರಾಂಶಗಳು ನಮ್ಮನ್ನು ಕೇಳದೆಯೇ ಅಲ್ಲಿ ಬರೆಯುತ್ತವೆ. ಎರಡನೆಯದು, ಪ್ರತಿಯೊಬ್ಬ ಬಳಕೆದಾರನ ಹೆಸರಿನಲ್ಲಿಯೂ ಇರುವ ಆಪ್‌ಡೇಟಾ ಎಂಬ ಫೋಲ್ಡರು. ವಿಂಡೋಸ್ ಇದನ್ನು ಮರೆಯಾಗಿಟ್ಟಿರುವುದರಿಂದ ಸಾಮಾನ್ಯರ ಕಣ್ಣಿಗೆ ಬೀಳುವುದಿಲ್ಲ. ತಾತ್ಕಾಲಿಕ ಕಡತಗಳ ಟೆಂಪ್ ಫೋಲ್ಡರೂ ಇದರೊಳಗೇ ಇರುತ್ತದೆ. ನನ್ನ ಪ್ರಶ್ನೆಪತ್ರಿಕೆ ಸಿಕ್ಕಿದ್ದು ಆಪ್‌ಡೇಟಾದಲ್ಲಿಯೇ. ಇವಲ್ಲದೆ ಎಲ್ಲ ಬಳಕೆದಾರರಿಗೂ ಸಮಾನವಾದ ಪ್ರೋಗ್ರಾಂಡೇಟಾ ಎಂಬುದೊಂದಿದೆ. ‘ಡಾಕ್ಯುಮೆಂಟ್ಸ್’ ಫೋಲ್ಡರಿನಲ್ಲಿ ತಮ್ಮದೊಂದು ಗೂಡು ಕಟ್ಟಿಕೊಳ್ಳುವ ತಂತ್ರಾಂಶಗಳೂ ಇವೆ.

ಇದನ್ನು ದುಷ್ಟತನವೆಂದು ತಿಳಿಯಬೇಡಿ. ಗಂಟು ಬಿಚ್ಚಲು ಬಳಸಿದ ಆ ಸೆವೆನ್ ಜಿಪ್ಪೇ ತನ್ನ ಆಯ್ಕೆಗಳನ್ನು ರಿಜಿಸ್ಟ್ರಿಯಲ್ಲಿ, ಬಳಕೆದಾರನ ಭಾಗದಲ್ಲಿ, ತನ್ನ ಹೆಸರಿನಲ್ಲೇ ಬರೆದುಕೊಳ್ಳುತ್ತದೆ. ದೂರದ ಯಂತ್ರಗಳೊಡನೆ ಸಂಪರ್ಕ ಬೆಳೆಸುವ ಪುಟ್ಟಿ ಎಂಬ ತಂತ್ರಾಂಶವಿದೆ. ಹೆಸರು ನಮ್ಮ ಮನೆಯ ಮಗುವಿನದರಂತೆ ಕೇಳಿಸಿದರೂ ಸೈಮನ್ ಟ್ಯಾಥಮ್ ಎಂಬ ಇಂಗ್ಲೆಂಡಿನ ತಜ್ಞರು ಅದನ್ನು ರಚಿಸಿದವರು. ಒಂದೇ ಕಡತ, ಸ್ಥಾಪಿಸದೆಯೇ ನಡೆಯುತ್ತದೆ. ಆದರೂ ಯಾವ ಯಾವ ಯಂತ್ರದೊಡನೆ ಮಾತನಾಡಿತೆಂಬ ಗುರುತನ್ನು ರಿಜಿಸ್ಟ್ರಿಯಲ್ಲಿ ಇಟ್ಟುಕೊಳ್ಳುತ್ತದೆ. ಅದನ್ನು ಗುಡಿಸಿಹಾಕಲು ‘ಕ್ಲೀನಪ್’ ಎಂಬ ಆಜ್ಞೆಯನ್ನೂ ಕರ್ತೃವೇ ಒದಗಿಸಿದ್ದಾರೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಬರವಣಿಗೆಯ ತಂತ್ರಾಂಶವು ಇನ್ನೊಂದು ದಾರಿ ಹಿಡಿದಿದೆ. ಅದರ ಫೋಲ್ಡರಿನಲ್ಲಿ ‘ಡುಲೋಕಲ್‌ಕಾನ್ಫ್’ ಎಂಬ ಹೆಸರಿನ ಪುಟ್ಟ ಎಕ್ಸ್.ಎಂ.ಎಲ್. ಕಡತವೊಂದಿದ್ದರೆ, ತನ್ನ ಆಯ್ಕೆಗಳನ್ನು ಆಪ್‌ಡೇಟಾದಲ್ಲಿ ಇಡದೆ ತನ್ನ ಜೊತೆಯಲ್ಲಿಯೇ ಇಟ್ಟುಕೊಳ್ಳುತ್ತದೆ.

ಇನ್ನು ಪರೀಕ್ಷೆಯ ಕ್ರಮಕ್ಕೆ ಬರೋಣ. ನಮ್ಮ ವ್ಯಾಕರಣದಲ್ಲಿ ಕನ್ನಡ ಸಂಧಿಗಳು ಮೂರು ಎಂಬುದು ನಿಮಗೆ ನೆನಪಿರಬಹುದು. ಊರು, ಅಲ್ಲಿ ಎಂಬೆರಡು ಸೇರಿ ಊರಲ್ಲಿ ಆಗುವಾಗ ಉಕಾರ ಬಿಟ್ಟುಹೋಗುತ್ತದೆ, ಅದು ಲೋಪ. ಮನೆ, ಅನ್ನು ಸೇರಿ ಮನೆಯನ್ನು ಆಗುವಾಗ ಯಕಾರ ಹೊಸದಾಗಿ ಬರುತ್ತದೆ, ಅದು ಆಗಮ. ಮಳೆ, ಕಾಲ ಸೇರಿ ಮಳೆಗಾಲ ಆಗುವಾಗ ಕಕಾರದ ಜಾಗಕ್ಕೆ ಗಕಾರ ಬರುತ್ತದೆ, ಅದು ಆದೇಶ. ತಂತ್ರಾಂಶವೊಂದು ಯಂತ್ರದೊಡನೆ ಕೂಡಿದಾಗಲೂ ಆಗಬಹುದಾದುದು ಈ ಮೂರೇ. ಹೊಸದೊಂದು ಬರಬಹುದು, ಇದ್ದದ್ದು ಬದಲಾಗಬಹುದು, ಇದ್ದದ್ದು ಹೋಗಬಹುದು. ಆಗಮವನ್ನು ಮಾತ್ರ ಹುಡುಕಿ ಸುಮ್ಮನಾಗುವವರೇ ಹೆಚ್ಚು. ಮೂರನ್ನೂ ನೋಡಬೇಕು.

ಯಾವ ಸಾಧನವೂ ಇಲ್ಲದೆ, ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದನ್ನು ಮೊದಲು ಹೇಳುತ್ತೇನೆ. ಬಿಚ್ಚಿದ ತಂತ್ರಾಂಶವನ್ನು ಪೆನ್ ಡ್ರೈವಿನಿಂದ ನಡೆಸಿ, ಅದರಲ್ಲಿ ಎದ್ದುಕಾಣುವಂಥ ಬದಲಾವಣೆಯನ್ನು ಮಾಡಿ. ಅಕ್ಷರದ ಗಾತ್ರವನ್ನು ಹಿಗ್ಗಿಸಿ, ಬಣ್ಣ ಬದಲಿಸಿ. ಮುಚ್ಚಿ. ಬಳಿಕ ಅದೇ ಡ್ರೈವನ್ನು ಆ ತಂತ್ರಾಂಶವನ್ನೇ ಕಾಣದ ಇನ್ನೊಂದು ಯಂತ್ರಕ್ಕೆ ಹಾಕಿ ತೆರೆಯಿರಿ. ಬದಲಾವಣೆ ಜೊತೆಯಲ್ಲಿ ಬಂದಿದ್ದರೆ, ಅದು ಡ್ರೈವಿನಲ್ಲಿ ಬರೆಯಲ್ಪಟ್ಟಿದೆ. ಬಾರದಿದ್ದರೆ, ಹಿಂದಿನ ಯಂತ್ರದಲ್ಲಿಯೇ ಉಳಿದಿದೆ ಎಂದು ತಿಳಿಯಬೇಕು. ಈ ಪರೀಕ್ಷೆಯಲ್ಲಿ ಅನುತ್ತೀರ್ಣವಾದ ತಂತ್ರಾಂಶದ ವಿಚಾರವಾಗಿ ಮುಂದೆ ನೋಡುವುದೇ ಬೇಡ. ಆದರೆ ಉತ್ತೀರ್ಣವಾದದ್ದೆಲ್ಲ ನಿರ್ದೋಷಿಯಲ್ಲ. ಆಯ್ಕೆಗಳನ್ನು ಜೊತೆಗೆ ಒಯ್ಯುತ್ತಲೇ ಬೇರೇನನ್ನಾದರೂ ಬಿಟ್ಟಿರಬಹುದು.

ಹೆಚ್ಚಿನ ಪರೀಕ್ಷೆಗೆ ಮೊದಲು ಶುದ್ಧವಾದ ಸ್ಥಳ ಬೇಕು. ಅದೇ ತಂತ್ರಾಂಶವನ್ನು ಹಿಂದೊಮ್ಮೆ ಸ್ಥಾಪಿಸಿದ್ದ ಯಂತ್ರದಲ್ಲಿ ಪರೀಕ್ಷೆ ಮಾಡಿದರೆ ಫಲ ಕೆಡುತ್ತದೆ. ಹಳೆಯ ಗುರುತು ಯಾವುದು, ಹೊಸದು ಯಾವುದು ಎಂಬುದು ಬೇರೆಯಾಗದು. ಅಲ್ಲದೆ ತಂತ್ರಾಂಶ ನಡೆಯಲು ಬೇಕಾದ ಸಹಾಯಕ ಕಡತಗಳು ಹಿಂದಿನ ಸ್ಥಾಪನೆಯಿಂದಲೇ ಒದಗಿರುತ್ತವೆ. ನಮ್ಮ ಮನೆಯಲ್ಲಿ ಸೊಗಸಾಗಿ ನಡೆದದ್ದು ಪರರ ಯಂತ್ರದಲ್ಲಿ ಕಡತ ಸಾಲದೆಂದು ಮುಷ್ಕರ ಹೂಡುತ್ತದೆ. ೨೦೧೯ರಲ್ಲಿ ವಿಂಡೋಸ್ ೧೦ರ ಪ್ರೊ ಮತ್ತು ಅದಕ್ಕೆ ಮೇಲ್ಪಟ್ಟ ಆವೃತ್ತಿಗಳಿಗೆ ವಿಂಡೋಸ್ ಸ್ಯಾಂಡ್‌ಬಾಕ್ಸ್ ಎಂಬ ಅನುಕೂಲ ಬಂದಿತು. ಅದನ್ನು ತೆರೆದರೆ ಯಂತ್ರದೊಳಗೊಂದು ಹೊಸ ವಿಂಡೋಸ್ ತೆರೆದುಕೊಳ್ಳುತ್ತದೆ. ಮುಚ್ಚಿದರೆ ಅದರೊಳಗೆ ನಡೆದದ್ದೆಲ್ಲ ಅಳಿದುಹೋಗುತ್ತದೆ. ಹೋಮ್ ಆವೃತ್ತಿಯಲ್ಲಿ ಈ ಸೌಲಭ್ಯವಿಲ್ಲ. ಅಂಥವರು ವರ್ಚುಯಲ್‌ಬಾಕ್ಸ್‌ನಂಥ ತಂತ್ರಾಂಶದಲ್ಲಿ ಒಂದು ಕಲ್ಪಿತ ಯಂತ್ರವನ್ನು ಮಾಡಿಕೊಂಡು, ಪರೀಕ್ಷೆಯ ಬಳಿಕ ಅದನ್ನು ಮೊದಲಿನ ಸ್ಥಿತಿಗೆ ಮರಳಿಸಬಹುದು.

ಸ್ಥಳ ಸಿದ್ಧವಾದ ಮೇಲೆ ರೆಗ್‌ಶಾಟ್ ಎಂಬ ಉಚಿತ ತಂತ್ರಾಂಶವನ್ನು ತೆಗೆದುಕೊಳ್ಳಿ. ಅದು ರಿಜಿಸ್ಟ್ರಿಯ ಚಿತ್ರವನ್ನೂ, ನೀವು ಹೇಳಿದ ಫೋಲ್ಡರುಗಳ ಚಿತ್ರವನ್ನೂ ತೆಗೆದಿಡುತ್ತದೆ. ತಂತ್ರಾಂಶ ನಡೆಯುವ ಮುನ್ನ ಒಂದು ಚಿತ್ರ, ನಡೆದು ಮುಚ್ಚಿದ ಮೇಲೆ ಒಂದು ಚಿತ್ರ. ಎರಡನ್ನೂ ಹೋಲಿಸಿ ಬಂದದ್ದು, ಬದಲಾದದ್ದು, ಹೋದದ್ದು ಎಂದು ಪಟ್ಟಿ ಮಾಡಿಕೊಡುತ್ತದೆ. ನಮ್ಮ ಆಗಮ, ಆದೇಶ, ಲೋಪಗಳೇ ಸರಿ.

ಆದರೆ ಮೊದಲ ಸಲ ಆ ಪಟ್ಟಿಯನ್ನು ನೋಡಿದವರು ಗಾಬರಿಯಾಗುವುದುಂಟು. ನಾನೂ ಆದೆ. ಪುಟಗಟ್ಟಲೆ ಬದಲಾವಣೆಗಳು! ನಿಜಸಂಗತಿಯೆಂದರೆ, ನಾವು ಕೈಕಟ್ಟಿ ಕುಳಿತಿದ್ದರೂ ವಿಂಡೋಸ್ ತನ್ನಷ್ಟಕ್ಕೆ ಏನನ್ನೋ ಬರೆದುಕೊಳ್ಳುತ್ತಲೇ ಇರುತ್ತದೆ. ಆದುದರಿಂದ ಮೊದಲು ಯಾವ ತಂತ್ರಾಂಶವನ್ನೂ ನಡೆಸದೆ, ಹತ್ತು ನಿಮಿಷದ ಅಂತರದಲ್ಲಿ ಎರಡು ಚಿತ್ರ ತೆಗೆದು ಹೋಲಿಸಿರಿ. ಅದರಲ್ಲಿ ಕಂಡದ್ದು ಯಂತ್ರದ ಸಹಜವಾದ ಉಸಿರಾಟ. ಬಳಿಕ ತಂತ್ರಾಂಶವನ್ನು ನಡೆಸಿ ಮತ್ತೊಂದು ಹೋಲಿಕೆ ಮಾಡಿರಿ. ಮೊದಲಿನದರಲ್ಲಿ ಇಲ್ಲದೆ ಎರಡನೆಯದರಲ್ಲಿ ಮಾತ್ರ ಇರುವುದನ್ನು ಪರಿಶೀಲಿಸಿದರೆ ಸಾಕು.

ನಡೆಸುವುದೆಂದರೆ ತೆರೆದು ಮುಚ್ಚುವುದಲ್ಲ. ನೀವು ನಿತ್ಯ ಮಾಡುವ ಕೆಲಸವನ್ನೆಲ್ಲ ಮಾಡಬೇಕು. ಬರೆಯಿರಿ, ಉಳಿಸಿರಿ, ಹಳೆಯ ಕಡತ ತೆರೆಯಿರಿ, ಆಯ್ಕೆಗಳನ್ನು ಬದಲಿಸಿರಿ, ಮುದ್ರಿಸಿ ನೋಡಿರಿ. ಕೆಲವು ತಂತ್ರಾಂಶಗಳು ಮುಚ್ಚುವ ಗಳಿಗೆಯಲ್ಲಿ ಮಾತ್ರ ಬರೆಯುತ್ತವೆ. ಕೆಲವು ಯಾವುದೋ ಒಂದು ಗುಂಡಿ ಒತ್ತಿದಾಗ ಮಾತ್ರ ಬರೆಯುತ್ತವೆ. ಕೊನೆಗೆ ಇನ್ನೊಂದು ಪರೀಕ್ಷೆ ಮಾಡಲೇಬೇಕು. ಕೆಲಸದ ನಡುವೆ ಆ ತಂತ್ರಾಂಶವನ್ನು ಟಾಸ್ಕ್ ಮ್ಯಾನೇಜರಿನಿಂದ ಹಠಾತ್ತನೆ ಕೊನೆಗಾಣಿಸಿ ನೋಡಿರಿ. ಕರೆಂಟು ಹೋದಾಗ ಆಗುವುದಕ್ಕೆ ಇದು ಸಾಕಷ್ಟು ಹತ್ತಿರವಾದುದು. ನಾನು ಮೊದಲೇ ಇದನ್ನೊಂದು ಮಾಡಿದ್ದರೆ ಆ ಹುಡುಗ ನೆಲ ನೋಡಬೇಕಾಗಿರಲಿಲ್ಲ.

ಎರಡು ಚಿತ್ರಗಳ ಹೋಲಿಕೆಗೆ ಒಂದು ಮಿತಿಯಿದೆ. ನಡುವೆ ಬರೆದು ನಡುವೆಯೇ ಅಳಿಸಿದ್ದು ಅದರಲ್ಲಿ ಕಾಣಿಸದು. ಅದಕ್ಕೆ ಪ್ರೋಸೆಸ್ ಮಾನಿಟರ್ ಎಂಬ ಕಾವಲುಗಾರನಿದ್ದಾನೆ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಎಂಬಿಬ್ಬರು ಕಟ್ಟಿದ ಸಿಸ್‌ಇಂಟರ್ನಲ್ಸ್ ಸಾಧನಗಳಲ್ಲಿ ಇದೊಂದು. ೨೦೦೬ರಲ್ಲಿ ಮೈಕ್ರೋಸಾಫ್ಟ್ ಆ ಸಾಧನಗಳನ್ನೆಲ್ಲ ತನ್ನದಾಗಿಸಿಕೊಂಡು ಇಂದಿಗೂ ಉಚಿತವಾಗಿ ಹಂಚುತ್ತಿದೆ. ಯಾವ ತಂತ್ರಾಂಶ ಯಾವ ಗಳಿಗೆಯಲ್ಲಿ ಯಾವ ಕಡತವನ್ನು, ರಿಜಿಸ್ಟ್ರಿಯ ಯಾವ ಸಾಲನ್ನು ಮುಟ್ಟಿತೆಂಬುದನ್ನು ಇದು ಸಾಲುಸಾಲಾಗಿ ಬರೆದು ತೋರಿಸುತ್ತದೆ. ಸಾಲುಗಳು ಕ್ಷಣಕ್ಕೆ ಸಾವಿರವಾಗಿ ಹರಿಯುವುದರಿಂದ, ನಿಮ್ಮ ತಂತ್ರಾಂಶದ ಹೆಸರನ್ನು ಮಾತ್ರ ತೋರಿಸುವಂತೆ, ಅದರಲ್ಲಿಯೂ ಬರೆಯುವ ಕ್ರಿಯೆಗಳನ್ನು ಮಾತ್ರ ತೋರಿಸುವಂತೆ ಜರಡಿ ಹಿಡಿಯಬೇಕು. ತಂತ್ರಾಂಶವು ಬೇರೆ ಹೆಸರಿನ ಮರಿಗಳನ್ನು ಹುಟ್ಟಿಸಿ ಅವುಗಳಿಂದ ಕೆಲಸ ಮಾಡಿಸುವುದೂ ಉಂಟು. ಅವುಗಳ ಹೆಸರನ್ನೂ ಜರಡಿಗೆ ಸೇರಿಸಿರಿ.

ಇಲ್ಲಿ ಶಬ್ದಾರ್ಥದ ಒಂದು ತೊಡಕಿದೆ. ಈ ಪಟ್ಟಿಯಲ್ಲಿ ‘ಕ್ರಿಯೇಟ್ ಫೈಲ್’ ಎಂದು ಕಂಡೊಡನೆ ಹೊಸ ಕಡತ ಹುಟ್ಟಿತೆಂದು ತಿಳಿಯಬಾರದು. ಇರುವ ಕಡತವನ್ನು ತೆರೆದರೂ ವಿಂಡೋಸ್ ಅದೇ ಹೆಸರಿನಿಂದ ಕರೆಯುತ್ತದೆ. ರಿಜಿಸ್ಟ್ರಿಯ ‘ಕ್ರಿಯೇಟ್ ಕೀ’ಗೂ ಇದೇ ಮಾತು. ನಿಜವಾಗಿ ಬರೆದದ್ದನ್ನು ಸೂಚಿಸುವುದು ‘ರೈಟ್ ಫೈಲ್’, ‘ಸೆಟ್ ವ್ಯಾಲ್ಯೂ’ ಎಂಬ ಸಾಲುಗಳು. ಮಕ್ಕಳಿಗೆ ರೂಢಿನಾಮ, ಅನ್ವರ್ಥನಾಮ ಎಂದು ಬೋಧಿಸುವ ನಾನೇ ಇಲ್ಲಿ ಒಂದು ಸಂಜೆಯನ್ನು ವ್ಯರ್ಥವಾಗಿ ಕಳೆದೆ. ಇನ್ನೊಂದು ವಿನೋದ: ಈ ಕಾವಲುಗಾರನೂ ರಿಜಿಸ್ಟ್ರಿಯಲ್ಲಿ ತನ್ನ ಹೆಸರಿನ ಸಾಲೊಂದನ್ನು ಬರೆಯುತ್ತಾನೆ, ಷರತ್ತುಗಳಿಗೆ ನೀವು ಒಪ್ಪಿದಿರೆಂದು. ಅದನ್ನು ನಿಮ್ಮ ತಂತ್ರಾಂಶದ ಲೆಕ್ಕಕ್ಕೆ ಹಾಕಬೇಡಿ.

ಪರೀಕ್ಷೆಯ ಕಾಲದಲ್ಲಿ ಆಡಳಿತಾಧಿಕಾರವಿಲ್ಲದ ಸಾಮಾನ್ಯ ಖಾತೆಯಿಂದ ನಡೆಸುವುದೂ ಒಳ್ಳೆಯದು. ಪರರ ಯಂತ್ರದಲ್ಲಿ ನಮಗೆ ಸಿಗುವುದು ಅಂಥ ಖಾತೆಯೇ ಅಲ್ಲವೆ? ಅಧಿಕಾರ ಕೊಡದೆ ನಡೆಯಲಾರೆನೆನ್ನುವ ತಂತ್ರಾಂಶ ಅತಿಥಿಯಾಗಿ ಹೋಗಲು ಯೋಗ್ಯವಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಅಕ್ಷರಶೈಲಿಯದೊಂದು ವಿಶೇಷ ಪ್ರಶ್ನೆ. ನುಡಿ, ಬರಹ ಮುಂತಾದವುಗಳ ಹಳೆಯ ಸಂಕೇತದ ಅಕ್ಷರಗಳಲ್ಲಿ ಬರೆದ ಕಡತವನ್ನು ಓದಬೇಕಾದರೆ ಆ ಅಕ್ಷರಶೈಲಿ ಆ ಯಂತ್ರದಲ್ಲಿ ಇರಲೇಬೇಕು. ಅದನ್ನು ಅಲ್ಲಿ ಹಾಕಿದರೆ ಅದೇ ಒಂದು ದೊಡ್ಡ ಗುರುತು. ಯೂನಿಕೋಡಿನಲ್ಲಿ ಬರೆಯುವವರಿಗೆ ಈ ತೊಂದರೆ ಬಹುಮಟ್ಟಿಗೆ ತಪ್ಪಿದೆ. ೨೦೦೧ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಕನ್ನಡ ಅಕ್ಷರಶೈಲಿಯೂ, ೨೦೧೨ರ ವಿಂಡೋಸ್ ೮ರೊಡನೆ ನಿರ್ಮಲಾ ಎಂಬುದೂ ಬಂದುವು. ಕನ್ನಡವನ್ನು ತೋರಿಸಲು ಈಗ ಹೊರಗಿನಿಂದ ಏನನ್ನೂ ಹೊತ್ತುಕೊಂಡು ಹೋಗಬೇಕಾದುದಿಲ್ಲ. ಆದರೆ ಪರರ ಯಂತ್ರದಲ್ಲಿ ಕನ್ನಡ ಕೀಲಿಮಣೆಯನ್ನು ಸೇರಿಸಿದರೆ ಅದೂ ಬದಲಾವಣೆಯೇ. ಎದ್ದು ಬರುವಾಗ ತೆಗೆದು ಬರಬೇಕು.

‘ಪೋರ್ಟಬಲ್’ ಎಂದೇ ಹೆಸರಿಟ್ಟು ಹಂಚುವ ತಂತ್ರಾಂಶಗಳಿವೆಯಲ್ಲ, ಅವು ಸಾಲವೆ ಎಂದು ನೀವು ಕೇಳಬಹುದು. ೨೦೦೪ರಲ್ಲಿ ಜಾನ್ ಹಾಲರ್ ಎಂಬವರು ಫೈರ್‌ಫಾಕ್ಸನ್ನು ಪೆನ್ ಡ್ರೈವಿನಿಂದ ನಡೆಯುವಂತೆ ಸಜ್ಜುಗೊಳಿಸಿದರು. ಅದು ಬೆಳೆದು ಪೋರ್ಟಬಲ್ ಆಪ್ಸ್ ಎಂಬ ದೊಡ್ಡ ಸಂಗ್ರಹವಾಯಿತು. ಅಲ್ಲಿ ಹಲವು ತಂತ್ರಾಂಶಗಳಿಗೆ ಮುಂದಾಳೊಬ್ಬನನ್ನು ಕಟ್ಟಿರುತ್ತಾರೆ. ನಡೆಯುವ ಮುನ್ನ ಡ್ರೈವಿನಲ್ಲಿರುವ ಆಯ್ಕೆಗಳನ್ನು ಯಂತ್ರಕ್ಕೆ ತಂದಿಟ್ಟು, ಮುಗಿದ ಮೇಲೆ ಮರಳಿ ಡ್ರೈವಿಗೆ ಒಯ್ದು, ಯಂತ್ರವನ್ನು ಮೊದಲಿನಂತೆ ಮಾಡುವುದು ಅವನ ಕೆಲಸ. ಒಳ್ಳೆಯ ಏರ್ಪಾಡು. ಬರಿದೆ ಬಿಚ್ಚಿದ ಗಂಟಿಗಿಂತ ಇದು ಎಷ್ಟೋ ಮೇಲು. ಆದರೆ ನಡುವೆ ಡ್ರೈವನ್ನು ಕಿತ್ತರೆ, ಕರೆಂಟು ಹೋದರೆ, ಮರಳಿಸುವ ಕೆಲಸ ಅರ್ಧದಲ್ಲೇ ನಿಲ್ಲುತ್ತದೆ ಎಂಬುದನ್ನು ಮರೆಯಬಾರದು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ನಿಮ್ಮ ತಂತ್ರಾಂಶ ಎಲ್ಲ ಪರೀಕ್ಷೆಗಳಲ್ಲೂ ಗೆದ್ದಿತೆಂದು ಇಟ್ಟುಕೊಳ್ಳಿ. ಅದು ತಾನಾಗಿ ಒಂದಕ್ಷರವನ್ನೂ ಬರೆಯಲಿಲ್ಲ. ಆಗಲೂ ಗುರುತು ಉಳಿಯುತ್ತದೆ! ಬರೆದವನು ಅತಿಥಿಯಲ್ಲ, ಮನೆಯ ಯಜಮಾನ. ವಿಂಡೋಸ್ ತನ್ನ ಅನುಕೂಲಕ್ಕಾಗಿ ಯಾವ ತಂತ್ರಾಂಶ ಯಾವಾಗ ನಡೆಯಿತೆಂದು ಪ್ರಿಫೆಚ್ ಎಂಬ ಫೋಲ್ಡರಿನಲ್ಲಿ ಬರೆದುಕೊಳ್ಳುತ್ತದೆ, ಮುಂದಿನ ಸಲ ಬೇಗ ತೆರೆಯಲೆಂದು. ತೆರೆದ ಕಡತಗಳ ಹೆಸರನ್ನು ‘ರೀಸೆಂಟ್’ ಪಟ್ಟಿಯಲ್ಲಿ ಇಡುತ್ತದೆ. ಚುಚ್ಚಿದ ಪೆನ್ ಡ್ರೈವಿನ ಗುರುತುಸಂಖ್ಯೆಯನ್ನೂ ರಿಜಿಸ್ಟ್ರಿಯಲ್ಲಿ ದಾಖಲಿಸುತ್ತದೆ. ಯೂಸರ್ ಅಸಿಸ್ಟ್ ಎಂಬ ಇನ್ನೊಂದು ದಾಖಲೆಯಲ್ಲಿ ನಡೆಸಿದ ತಂತ್ರಾಂಶಗಳ ಹೆಸರು ಗೂಢಲಿಪಿಯಲ್ಲಿರುತ್ತದೆ. ಗೂಢವೆಂದರೆ ಬಹಳ ಗೂಢವೇನಲ್ಲ. ಇಂಗ್ಲಿಷಿನ ಪ್ರತಿ ಅಕ್ಷರಕ್ಕೂ ಹದಿಮೂರು ಸ್ಥಾನ ಮುಂದಿನದನ್ನು ಇಟ್ಟಿರುತ್ತಾರೆ. ಎ ಇದ್ದಲ್ಲಿ ಎನ್, ಬಿ ಇದ್ದಲ್ಲಿ ಓ. ನಮ್ಮ ಮಕ್ಕಳು ಅಕ್ಷರಕ್ಕೆ ಅಕ್ಷರ ಸೇರಿಸಿ ಗುಟ್ಟು ಮಾತಾಡುತ್ತಾರಲ್ಲ, ಅದಕ್ಕಿಂತ ಕಠಿಣವಲ್ಲ.

ಆದುದರಿಂದ ‘ಗುರುತು ಉಳಿಯುತ್ತದೆಯೆ?’ ಎಂಬ ಪ್ರಶ್ನೆಯನ್ನು ಎರಡಾಗಿ ಒಡೆಯಬೇಕು. ತಂತ್ರಾಂಶವು ತನ್ನ ಸಾಮಾನನ್ನು ಬಿಟ್ಟುಹೋಗುತ್ತದೆಯೆ ಎಂಬುದು ಒಂದು. ಇದನ್ನು ಪರೀಕ್ಷಿಸಬಹುದು, ಒಳ್ಳೆಯ ತಂತ್ರಾಂಶವನ್ನು ಆರಿಸಿಕೊಂಡು ತಪ್ಪಿಸಲೂಬಹುದು. ಬಂದುಹೋದದ್ದೇ ತಿಳಿಯದಂತೆ ಇರಬಹುದೆ ಎಂಬುದು ಇನ್ನೊಂದು. ಇದಕ್ಕೆ ಉತ್ತರ ಇಲ್ಲವೆಂದೇ. ಅಂಥ ಗುರುತನ್ನು ಅಳಿಸುವ ಸಾಹಸವೂ ಬೇಡ. ಅದು ನಮ್ಮ ಪುಸ್ತಕವಲ್ಲ, ಯಂತ್ರದ ಒಡೆಯನ ಪುಸ್ತಕ. ಅದರಲ್ಲಿ ಹಾಳೆ ಹರಿಯುವುದು ಗುರುತು ಬಿಡುವುದಕ್ಕಿಂತ ದೊಡ್ಡ ತಪ್ಪು.

ಇನ್ನೆರಡು ಎಚ್ಚರಿಕೆಯ ಮಾತುಗಳಿವೆ. ಬಿಚ್ಚಿದ ಮಾತ್ರಕ್ಕೆ ದುಷ್ಟ ತಂತ್ರಾಂಶ ಶಿಷ್ಟವಾಗದು; ಮೂಲ ಕರ್ತೃವಿನಿಂದಲೇ ಪಡೆಯಬೇಕು, ಬಿಚ್ಚಿ ಬಳಸಲು ಅದರ ಪರವಾನಗಿ ಒಪ್ಪುತ್ತದೆಯೇ ಎಂದು ನೋಡಬೇಕು. ಎರಡನೆಯದಾಗಿ, ಒಮ್ಮೆ ಪರೀಕ್ಷಿಸಿ ನಿಶ್ಚಿಂತರಾಗಬೇಡಿ. ಹೊಸ ಆವೃತ್ತಿ ಬಂದಾಗ ಅದರ ನಡತೆಯೂ ಹೊಸದಾಗಬಹುದು.

ಆ ಹುಡುಗ ಹತ್ತನೆಯ ತರಗತಿ ಮುಗಿಸಿ ಕಾಲೇಜು ಸೇರಿದ. ಬಾಗಿಲ ಮೇಲಿನ ಕಾಗದ ಹಾಗೆಯೇ ಇದೆ. ಕಳೆದ ತಿಂಗಳು ನಾಟಕದ ಮಾತುಗಳನ್ನು ಬರೆಯಲು ಮತ್ತೆ ಗಣಕ ಕೊಠಡಿಗೆ ಹೋದೆ. ಶಿಷ್ಯ ನನ್ನ ಕೈಯಲ್ಲಿದ್ದ ಪೆನ್ ಡ್ರೈವ್ ನೋಡಿ, ‘ಏನೂ ಉಳಿಯೋದಿಲ್ಲ ತಾನೆ, ಸಾರ್?’ ಎಂದು ನಕ್ಕ.

‘ತಂತ್ರಾಂಶ ತನ್ನದೇನನ್ನೂ ಬಿಡುವುದಿಲ್ಲ ಕಣಪ್ಪ, ಕರೆಂಟು ತೆಗೆದೂ ಪರೀಕ್ಷೆ ಮಾಡಿದ್ದೇನೆ. ನಾನು ಬಂದೆನೆಂದು, ಇದನ್ನು ನಡೆಸಿದೆನೆಂದು ನಿನ್ನ ಯಂತ್ರ ಬರೆದುಕೊಳ್ಳುತ್ತದೆ. ಅದನ್ನು ತಪ್ಪಿಸಲಾರೆ. ಪ್ರಶ್ನೆಪತ್ರಿಕೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ’ ಎಂದೆ.

‘ಇಷ್ಟು ಹೇಳಿದರೆ ಸಾಕು ಸಾರ್, ಕೂತ್ಕೊಳ್ಳಿ’ ಎಂದು ಏಳನೆಯ ಯಂತ್ರದ ಮುಂದೆ ಕುರ್ಚಿ ಎಳೆದುಕೊಟ್ಟ.